ಅಮ್ಮನ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳಬೇಡಿ

ಪರೀಕ್ಷೆ ಹತ್ತಿರ ಬಂತು ಅಂದ್ರೆ ಕೋಲಾರ ಜಿಲ್ಲೆಯ ಮನಶ್ಶಾಸ್ತ್ರ ವಿದ್ಯಾರ್ಥಿಗಳಿಂದ ಅವೇ ಪ್ರಶ್ನೆಗಳು ಬರುತ್ತವೆ. ಕಾಯಿಲೆಗಳ ಲಕ್ಷಣದ ಪಟ್ಟಿ ಇಲ್ಲಿ ಕೊಡುವುದಿಲ್ಲ, ಅದು ನಿಮ್ಮ ಪುಸ್ತಕದಲ್ಲೇ ಇದೆ. ಓದಿಯೂ ತಪ್ಪು ತಿಳಿದುಕೊಂಡಿದ್ದಕ್ಕೆ ಮಾತ್ರ ಉತ್ತರ.

ಸ್ಕಿಜೋಫ್ರೇನಿಯಾಗೆ (ಇಲ್ಲದ ದನಿ ಕೇಳಿಸುವ, ವಿಪರೀತ ಅನುಮಾನ ತರುವ ಮಾನಸಿಕ ಕಾಯಿಲೆ) ನಿಜವಾದ ಕಾರಣ ಯಾವುದು ಮೇಡಂ? ಒಂದು ನೋಟ್ಸಲ್ಲಿ ಮಿದುಳಿನ ಡೋಪಮೈನ್ ಅನ್ನೋ ರಾಸಾಯನಿಕ ಜಾಸ್ತಿ ಆಗಿ ಅಂತಿದೆ, ಇನ್ನೊಂದರಲ್ಲಿ ತಾಯಿ ಬೆಳೆಸಿದ ರೀತಿ ಅಂತಿದೆ. ಯಾವುದು ಬರೆಯಲಿ?
– ಬಿ.ಎ. ವಿದ್ಯಾರ್ಥಿನಿ, ಮುಳಬಾಗಿಲು

ತಾಯಿಯ ವಿಷಯ ಮೊದಲು ಮುಗಿಸೋಣ. ಮಗುವನ್ನು ದೂರ ತಳ್ಳುವ ತಾಯಿಗೂ ಈ ಕಾಯಿಲೆಗೂ ನಂಟು ಕಟ್ಟಿ 1948ರಲ್ಲಿ ಬರೆದವರು ಫ್ರೀಡಾ ಫ್ರಾಮ್-ರೈಕ್‌ಮನ್ ಎಂಬ ಮನೋವೈದ್ಯೆ. ಅದಕ್ಕೆ ಪುರಾವೆ ಸಿಗಲಿಲ್ಲ. ವೈದ್ಯರು ಅದನ್ನು ಕೈಬಿಟ್ಟು ದಶಕಗಳೇ ಆದವು. ಜೆರಾಕ್ಸ್ ಅಂಗಡಿಯ ನೋಟ್ಸ್ ಮಾತ್ರ ಬಿಟ್ಟಿಲ್ಲ. ಇದು ಬರೀ ಅಂಕದ ಮಾತಾಗಿದ್ದರೆ ನಾನೂ ಸುಮ್ನೆ ಇರುತ್ತಿದ್ದೆ. ಶ್ರೀನಿವಾಸಪುರ, ಬಂಗಾರಪೇಟೆ ಕಡೆಯಿಂದ ಮಗನನ್ನು ಕರೆತರುವ ತಾಯಂದಿರು ಅವನನ್ನು ಆಚೆ ಕೂರಿಸಿ ಒಳಗೆ ಬರುತ್ತಾರೆ. ಕನ್ನಡದಲ್ಲೋ ತೆಲುಗಿನಲ್ಲೋ ಕೇಳುವುದು ಒಂದೇ: "ನಾನೇನಾದ್ರೂ ತಪ್ಪು ಮಾಡಿದ್ನಾ?" ಅತ್ತೆ ಮನೆಯವರು "ಇದು ನಿಮ್ಮ ಕಡೆ ರಕ್ತ" ಅಂತ ಆಗಲೇ ಅಂದಿರುತ್ತಾರೆ. ನಾಳೆ ಕೌನ್ಸೆಲರ್ ಆಗುವ ನೀವೂ ಮೇಲಿಂದ ಒಂದು ಕಲ್ಲು ಹಾಕಬೇಕಾ?

ಇನ್ನು ಆ ರಕ್ತದ ಮಾತು. ಅನುವಂಶೀಯತೆಯ ಪಾತ್ರ ದೊಡ್ಡದೇ. ಸುಮಾರಾಗಿ 100ಕ್ಕೆ ಒಬ್ಬರಿಗೆ ಬರುವ ಕಾಯಿಲೆ, ತಂದೆ ತಾಯಿಯಲ್ಲಿ ಒಬ್ಬರಿಗಿದ್ದರೆ 100 ಮಕ್ಕಳಲ್ಲಿ ಸುಮಾರು 10 ಮಂದಿಗೆ ಬರಬಹುದು. ಉಳಿದ 90 ಮಂದಿಯನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ತದ್ರೂಪಿ ಅವಳಿಗಳಲ್ಲಿ ಒಬ್ಬರಿಗೆ ಬಂದರೂ ಅರ್ಧಕ್ಕಿಂತ ಹೆಚ್ಚು ಜೋಡಿಗಳಲ್ಲಿ ಇನ್ನೊಬ್ಬರಿಗೆ ಬರುವುದಿಲ್ಲ. ಬರೀ ಜೀನ್‌ನಿಂದಲೇ ಆಗುವುದಾಗಿದ್ದರೆ ಇಬ್ಬರಿಗೂ ಬರಬೇಕಿತ್ತಲ್ವಾ? ಹೆರಿಗೆ ವೇಳೆಯ ತೊಡಕು, ಹದಿಹರೆಯದ ಗಾಂಜಾ, ಇಂಥವೂ ಅಪಾಯ ಹೆಚ್ಚಿಸುತ್ತವೆ. ಯಾವುದೂ ಒಂಟಿಯಾಗಿ ಸಾಲದು.

ಡೋಪಮೈನ್ ಕಥೆ ಹಿಂದುಮುಂದಾಗಿ ಹುಟ್ಟಿದ್ದು. ಶಸ್ತ್ರಚಿಕಿತ್ಸೆಯ ರೋಗಿಗಳಿಗೆಂದು ಬಳಸುತ್ತಿದ್ದ ಕ್ಲೋರ್‌ಪ್ರೊಮಝೀನ್ ಎಂಬ ಔಷಧವನ್ನು 1952ರಲ್ಲಿ ಪ್ಯಾರಿಸ್‌ನ ಮನೋವೈದ್ಯರಾದ ಡಿಲೇ ಮತ್ತು ಡೆನಿಕರ್ ಮಾನಸಿಕ ರೋಗಿಗಳಿಗೆ ಕೊಟ್ಟರು. ಗುಣ ಕಂಡಿತು. ಅದು ಡೋಪಮೈನನ್ನು ತಡೆಯುತ್ತದೆ ಅಂತ ಗೊತ್ತಾಗಿದ್ದು ಆಮೇಲೆ. ಮನೆಗೆ ನುಗ್ಗಿದ ನೀರನ್ನು ಪಂಪ್ ಹಾಕಿ ಹೊರಗೆ ಚೆಲ್ಲಿದಿರಿ, ನೆಲ ಒಣಗಿತು. ನೀರು ಎಲ್ಲಿಂದ ಬಂತು ಅಂತ ಪಂಪ್ ಹೇಳುತ್ತದಾ? ಕಿವಿಯಲ್ಲಿ ಮಾತು ಕೇಳುವುದಕ್ಕೆ, ವಿಪರೀತ ಅನುಮಾನಕ್ಕೆ ಡೋಪಮೈನ್ ವಿವರಣೆ ಹೊಂದುತ್ತದೆ. ಮಂಕಾಗಿ ಮೂಲೆ ಸೇರುವುದಕ್ಕೆ ಅಷ್ಟಾಗಿ ಹೊಂದುವುದಿಲ್ಲ. ಈ ಮಾತ್ರೆಗಳು ಆ ಮಂಕನ್ನು ಹೆಚ್ಚು ಕಳೆಯುವುದೂ ಇಲ್ಲ.

ಹಾಗಾದ್ರೆ ಏನು ಬರೆಯಬೇಕು? ಮೂರನ್ನು ಬೇರೆ ಬೇರೆ ಮಾಡಿ ಬರೆಯಿರಿ: ಮೊದಲೇ ಇದ್ದ ದುರ್ಬಲತೆ, ಈಗ ಕೆರಳಿಸಿದ್ದು, ಗುಣವಾಗಲು ಬಿಡದೆ ಹಿಡಿದಿಟ್ಟಿದ್ದು. ಮನೆಯವರ ವಿಷಯ ಬರುವುದು ಈ ಮೂರನೆಯದರಲ್ಲಿ. ಆಸ್ಪತ್ರೆಯಿಂದ ಮನೆಗೆ ಹೋದ ರೋಗಿಗೆ ಸದಾ ಬೈಗುಳ, ದ್ವೇಷ ಇಲ್ಲವೇ ಉಸಿರುಗಟ್ಟಿಸುವಷ್ಟು ಕಾಳಜಿ ಎದುರಾದರೆ ಕಾಯಿಲೆ ಮರುಕಳಿಸುವುದು ಜಾಸ್ತಿ ಎಂದು ಲಂಡನ್‌ನಲ್ಲಿ ಸಂಶೋಧಕ ಜಾರ್ಜ್ ಬ್ರೌನ್ ಮತ್ತು ಅವರ ಜೊತೆಗಾರರು ತೋರಿಸಿದರು. ಅವರು ಹೇಳಿದ್ದು ಮರುಕಳಿಸುವುದರ ಬಗ್ಗೆ, ಶುರುವಾಗುವುದರ ಬಗ್ಗೆ ಅಲ್ಲ. ನಿಮ್ಮ ನೋಟ್ಸ್ ಎರಡನ್ನೂ ಕಲಸಿಬಿಟ್ಟಿದೆ.

ಇದನ್ನು ಮನೆಯವರಿಗೆ ಮೊದಲ ದಿನವೇ ಹೇಳಲು ಹೋಗಬೇಡಿ. ನಾನಂತೂ ಹೇಳುವುದಿಲ್ಲ. ಮಾತ್ರೆ ಹಿಡಿದು, ಹುಡುಗ ನಾಲ್ಕು ರಾತ್ರಿ ನಿದ್ದೆ ಮಾಡಲಿ. ಮನೆಯವರೂ ಮಾಡಲಿ. ಆಮೇಲೆ ಹೇಳುತ್ತೇನೆ: ಅವನು ಸೋಂಬೇರಿ ಅಲ್ಲ, ಆ ಮಂಕೂ ಕಾಯಿಲೆಯೇ. ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಬರುವ ಕೆಲಸ ಅವನಿಗೇ ಬಿಡಿ. ಹಿಂದೆ ಹಿಂದೆ ಹೋಗಬೇಡಿ.

ಮದುವೆ ಮಾಡಿದ್ರೆ ಸರಿಹೋಗುತ್ತೆ ಅಂತಾರಲ್ಲ?
– ಮಾಲೂರು

ಮದುವೆ ಚಿಕಿತ್ಸೆ ಅಲ್ಲ. ಮುಚ್ಚಿಟ್ಟು ಮದುವೆ ಮಾಡುತ್ತಾರೆ, ಹೆಣ್ಣಿನ ಕಡೆಯವರಿಗೆ ಗೊತ್ತಾಗಬಾರದು ಅಂತ ಮಾತ್ರೆ ನಿಲ್ಲಿಸುತ್ತಾರೆ, ಆಮೇಲೆ ಎರಡು ಮನೆಯವರೂ ಜಗಳ ಆಡಿಕೊಂಡು ನನ್ನ ಮುಂದೆ ಕೂರುತ್ತಾರೆ.

ಕಟ್ಟಿಹಾಕಿ ಕರೆಂಟ್ ಕೊಡೋದು ಇನ್ನೂ ನಿಂತಿಲ್ಲ ಯಾಕೆ?

ಸಿನಿಮಾ ನೋಡಿ ಪ್ರಶ್ನೆ ಬರೆಯಬೇಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಔಷಧ ಇಲ್ಲದೆ ಇಸಿಟಿ, ಅಂದ್ರೆ ನೀವು ಹೇಳುವ ಕರೆಂಟ್ ಚಿಕಿತ್ಸೆ, ಕೊಡುವಂತಿಲ್ಲ. ಅನ್ನ ನೀರು ಬಿಟ್ಟು ಮಲಗಿದ ತೀವ್ರ ಖಿನ್ನತೆಯಲ್ಲಿ ಅದು ಜೀವ ಉಳಿಸುತ್ತದೆ. ರೋಗಿಗೆ ಸರಪಳಿ ಹಾಕುವುದನ್ನೂ ಅದೇ ಕಾಯ್ದೆ ನಿಷೇಧಿಸಿದೆ. ನಿಮ್ಮ ಸಿಟ್ಟು ಅಲ್ಲಿ ಖರ್ಚಾಗಲಿ.

ಖಿನ್ನತೆಯ ಮಾತ್ರೆ ಅಭ್ಯಾಸ ಆಗಿಬಿಡುತ್ತಾ?

ಇಲ್ಲ. ಅಭ್ಯಾಸ ಹಿಡಿಸುವುದು ಆತಂಕಕ್ಕೆ ಕೊಡುವ ಆಲ್‌ಪ್ರಝೋಲಾಮ್‌ನಂಥ ಮಾತ್ರೆಗಳು. ಅವನ್ನೇ ಚೀಟಿ ಇಲ್ಲದೆ ಅಂಗಡಿಯಲ್ಲಿ ಕೇಳುತ್ತೀರಿ. ಖಿನ್ನತೆಯ ಮಾತ್ರೆ ಕೆಲಸ ಶುರು ಮಾಡಲು ಎರಡರಿಂದ ನಾಲ್ಕು ವಾರ ಬೇಕು. ನಿಲ್ಲಿಸುವಾಗ ನಿಧಾನವಾಗಿ, ಡಾಕ್ಟರನ್ನು ಕೇಳಿ.

ಗೆಳತಿ ಪುಸ್ತಕ ಸಾಲಾಗಿ ಜೋಡಿಸಿಡ್ತಾಳೆ. ಓಸಿಡಿ ಅನ್ನೋ ಗೀಳು ಕಾಯಿಲೆನಾ?

ಅಲ್ಲ. ಅಚ್ಚುಕಟ್ಟು.

ಎಂ.ಎ. ಮುಗಿಸಿ 'ಕ್ಲಿನಿಕಲ್ ಸೈಕಾಲಜಿಸ್ಟ್' ಬೋರ್ಡ್ ಹಾಕಬಹುದಾ?

ಬರೀ ಎಂ.ಎ. ಸಾಲದು. ಭಾರತೀಯ ಪುನರ್ವಸತಿ ಪರಿಷತ್ತು ಒಪ್ಪಿದ ತರಬೇತಿ, ಅದರ ನೋಂದಣಿ ಎರಡೂ ಬೇಕು.

ದೊಡ್ಡಪ್ಪನ ಮಗ ವಾರದಿಂದ ನಿದ್ದೆ ಮಾಡ್ತಿಲ್ಲ, ಒಬ್ಬನೇ ಮಾತಾಡ್ತಾನೆ. 'ಮಾತ್ರೆ ಇಲ್ಲದೆ ಮೂರು ತಿಂಗಳಲ್ಲಿ ಗುಣ' ಅನ್ನೋರ ಪುಡಿ ಶುರು ಮಾಡಿದ್ದಾರೆ.
– ಹೆಸರು ಬೇಡ

ಈ ಪ್ರಶ್ನೆ ಪತ್ರದಲ್ಲಿ ಕೇಳುವಂಥದ್ದಲ್ಲ, ನಾನು ಇಲ್ಲಿಂದ ಔಷಧ ಹೇಳುವುದೂ ಇಲ್ಲ. ಹೆಸರಿಲ್ಲ, ಲೇಬಲ್ ಇಲ್ಲ, ಒಳಗೆ ಏನಿದೆ ಅಂತ ಮಾರುವವನೂ ಹೇಳುವುದಿಲ್ಲ. ಅಂಥ ಪುಡಿಯನ್ನು ಹಸುವಿಗೂ ಹಾಕುವುದಿಲ್ಲ ನೀವು. ಇವತ್ತೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಸಾಯುವ ಮಾತು ಆಡುತ್ತಿದ್ದರೆ, ಊಟ ಬಿಟ್ಟಿದ್ದರೆ ಫೋನಿಗೂ ಕಾಯದೆ ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಪುಡಿ ನಿಲ್ಲಿಸಿ, ಆದರೆ ಪೊಟ್ಟಣ ಎಸೆಯಬೇಡಿ. ಅದನ್ನು ಡಾಕ್ಟರಿಗೆ ತೋರಿಸಬೇಕು.