ಚಾನೆಲ್ ಅಗ್ರಿಮೆಂಟ್‌ನಲ್ಲಿ "ಎಲ್ಲ ಹಕ್ಕೂ ಚಾನೆಲ್‌ನದು" ಅಂತಿದೆ, ಸಹಿ ಹಾಕಬಹುದಾ?

ನೀವು ಕೇಳಿದ್ದು ಇಷ್ಟು: ಪ್ರೊಡಕ್ಷನ್ ಹೌಸ್ ಶುರು ಮಾಡಿ ಎರಡು ವರ್ಷ ಆಗಿದೆ. ಒಂದು ಕನ್ನಡ ಚಾನೆಲ್ ನಿಮ್ಮ ಧಾರಾವಾಹಿಯನ್ನು ಒಪ್ಪಿಕೊಂಡು ದಪ್ಪ ಅಗ್ರಿಮೆಂಟ್ ಕಳಿಸಿದೆ. ಅದರಲ್ಲಿ ಎಲ್ಲ ಹಕ್ಕೂ ಚಾನೆಲ್‌ಗೆ ಸೇರಿದ್ದು ಅಂತಿದೆ. ಕಥೆ ನಮ್ಮದು, ಶೂಟಿಂಗ್ ನಮ್ಮದು, ಹಕ್ಕು ಮಾತ್ರ ಅವರದಾ? ಸಹಿ ಹಾಕಬಹುದಾ?

ನಾನು ಬೆಂಗಳೂರಿನಲ್ಲಿ ಹದಿನೈದು ವರ್ಷಕ್ಕೂ ಜಾಸ್ತಿ ಧಾರಾವಾಹಿ ನಿರ್ಮಾಪಕರ ಆಫೀಸುಗಳಲ್ಲಿ ಲೆಕ್ಕ, ಬಿಲ್ಲು, ಅಗ್ರಿಮೆಂಟ್ ನೋಡಿಕೊಂಡು ಬಂದವನು. ವಕೀಲ ಅಲ್ಲ. ಸಹಿಗೆ ಮುಂಚೆ ವಕೀಲರಿಗೆ ತೋರಿಸಲೇಬೇಕು. ಆದರೆ ಅವರ ಮುಂದೆ ಕೂತಾಗ ಏನೇನು ಕೇಳಬೇಕು ಅನ್ನೋದು ನಿಮಗೇ ಗೊತ್ತಿದ್ದರೆ ಒಳ್ಳೆಯದು, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ಮೊದಲು ಕಾನೂನು ಏನು ಹೇಳುತ್ತೆ ಅಂತ ನೋಡೋಣ. 1957ರ ಕಾಪಿರೈಟ್ ಕಾಯ್ದೆಯಲ್ಲಿ ಧಾರಾವಾಹಿಯೂ ಸಿನಿಮಾ ಲೆಕ್ಕಕ್ಕೇ ಬರುತ್ತದೆ. ಸಿನಿಮಾದ ಕರ್ತೃ ನಿರ್ಮಾಪಕ. ಇಷ್ಟು ಓದಿ ತುಂಬಾ ಜನ ಸಮಾಧಾನ ಪಟ್ಟುಕೊಳ್ಳುತ್ತಾರೆ. ಆದರೆ ಅದೇ ಕಾಯ್ದೆಯ 17ನೇ ಸೆಕ್ಷನ್ನಿನಲ್ಲಿ ಇನ್ನೊಂದು ಮಾತಿದೆ. ಯಾರಾದರೂ ದುಡ್ಡು ಕೊಟ್ಟು, ತಾವು ಹೇಳಿ ಸಿನಿಮಾ ಮಾಡಿಸಿದರೆ, ಬೇರೆ ಒಪ್ಪಂದ ಇಲ್ಲದಿದ್ದಾಗ ಮೊದಲ ಮಾಲೀಕರು ಹಾಗೆ ಮಾಡಿಸಿದವರೇ. ಚಾನೆಲ್ ಎಪಿಸೋಡ್‌ಗೆ ಇಷ್ಟು ಅಂತ ಕೊಟ್ಟು ಮಾಡಿಸುತ್ತಿದೆ. ಹಾಗಾಗಿ ಅಗ್ರಿಮೆಂಟ್‌ನಲ್ಲಿ ಒಂದಕ್ಷರ ಇಲ್ಲದಿದ್ದರೂ ಎಪಿಸೋಡುಗಳ ಮೇಲೆ ಅವರ ಕೈಯೇ ಮೇಲು. ಅವರು ಮೋಸ ಮಾಡುತ್ತಿದ್ದಾರೆ ಅಂದುಕೊಳ್ಳಬೇಡಿ. ಈಗ ನಡೆಯುತ್ತಿರುವ ಪದ್ಧತಿಯೇ ಇದು.

ಹಿಂದೆ ಹೀಗಿರಲಿಲ್ಲ. ದೂರದರ್ಶನದ ಪ್ರಾಯೋಜಿತ ಕಾರ್ಯಕ್ರಮಗಳ ಕಾಲದಲ್ಲಿ ನಿರ್ಮಾಪಕನೇ ಪ್ರಸಾರ ಶುಲ್ಕ ಕಟ್ಟುತ್ತಿದ್ದ. ಬದಲಿಗೆ ಸಿಕ್ಕ ಜಾಹೀರಾತು ಸೆಕೆಂಡುಗಳನ್ನು ತಾನೇ ಮಾರಿಕೊಳ್ಳುತ್ತಿದ್ದ. ನಷ್ಟ ಆದರೆ ಅವನದು, ಕ್ಯಾಸೆಟ್ಟೂ ಅವನದು. ಈಗ ಆ ರಿಸ್ಕ್ ಚಾನೆಲ್ ತಲೆ ಮೇಲಿದೆ, ಅದರ ಜೊತೆಗೇ ಹಕ್ಕೂ ಅವರ ಕಡೆ ಹೋಗಿದೆ.

ಹಾಗಂತ ಸುಮ್ನೆ ಸಹಿ ಹಾಕಿ ಅಂತ ನಾನು ಹೇಳಲ್ಲ. "ಬೇರೆ ಒಪ್ಪಂದ ಇಲ್ಲದಿದ್ದಾಗ" ಅಂತ ಕಾಯ್ದೆ ಹೇಳುತ್ತದಲ್ಲ, ಆ ಬೇರೆ ಒಪ್ಪಂದ ಮಾಡಿಕೊಳ್ಳಲು ನಿಮಗಿರುವ ಸಮಯ ಇದೊಂದೇ. ಮುಹೂರ್ತ ಆಗಿ, ಸೆಟ್ ಹಾಕಿ, ಮೂವತ್ತು ಎಪಿಸೋಡ್ ಮುಂಚಿತವಾಗಿ ಶೂಟ್ ಮಾಡಿಟ್ಟ ಮೇಲೆ ಯಾರೂ ನಿಮ್ಮ ಮಾತು ಕೇಳಲ್ಲ.

ನಾನು ಮೊದಲು ಕೆಲಸಕ್ಕೆ ಸೇರಿದ ಆಫೀಸಿನ ನಿರ್ಮಾಪಕರು ಹೆಂಡತಿಯ ಒಡವೆ ಅಡ ಇಟ್ಟು ಧಾರಾವಾಹಿ ಶುರು ಮಾಡಿದವರು. ಆರುನೂರು ಎಪಿಸೋಡ್ ದಾಟಿತು. ಮುಗಿದು ಮೂರು ವರ್ಷ ಆದಮೇಲೆ ನೆಂಟರ ಮದುವೆಗೆ ಚೆನ್ನೈಗೆ ಹೋಗಿದ್ದರು. ಉಳಿದುಕೊಂಡ ಮನೆಯಲ್ಲಿ ಟಿವಿ ಓಡುತ್ತಿತ್ತು. ತಮಿಳು ಧಾರಾವಾಹಿ. ಅತ್ತೆ ಬೀರುವಿನ ಬೀಗದ ಕೈಯನ್ನು ಅಕ್ಕಿ ಡಬ್ಬದೊಳಗೆ ತೋಳುದ್ದ ಕೈ ಹಾಕಿ ಬಚ್ಚಿಡುವ ದೃಶ್ಯ. ಅದು ಅವರ ತಾಯಿ ನಿಜವಾಗಿ ಮಾಡುತ್ತಿದ್ದದ್ದು, ಅವರೇ ಕಥೆಯೊಳಗೆ ತಂದದ್ದು. ರಾತ್ರಿ ಹನ್ನೊಂದಕ್ಕೆ ನನಗೆ ಫೋನ್ ಮಾಡಿ, "ಫೈಲ್ ತೆಗೆದು ನೋಡಪ್ಪಾ, ರಿಮೇಕ್ ಬಗ್ಗೆ ಏನಿದೆ" ಅಂದರು. ಬೆಳಿಗ್ಗೆ ಆಫೀಸಿಗೆ ಹೋಗಿ ತೆಗೆದೆ. ಹದಿನಾಲ್ಕನೇ ಪುಟದಲ್ಲಿ ರಿಮೇಕ್, ಡಬ್ಬಿಂಗ್, ಎಲ್ಲ ಭಾಷೆ, ಇಡೀ ಜಗತ್ತು, ಶಾಶ್ವತ ಅಂತ ಸ್ಪಷ್ಟವಾಗಿ ಇತ್ತು. ಕೆಳಗೆ ಅವರದೇ ಸಹಿ. ಚಾನೆಲ್‌ನದು ಏನೂ ತಪ್ಪಿರಲಿಲ್ಲ. ನಮ್ಮ ನಿರ್ಮಾಪಕರಿಗೆ ಒಂದು ರೂಪಾಯಿಯೂ ಬರಲಿಲ್ಲ. ಆ ಪುಟ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಅದಕ್ಕೇ ನನ್ನ ಮೊದಲ ಸಲಹೆ: ಎಪಿಸೋಡ್ ಬೇರೆ, ಕಥೆ ಬೇರೆ ಅಂತ ನೋಡಲು ಕಲಿಯಿರಿ. ದುಡ್ಡು ಕೊಟ್ಟು ಮಾಡಿಸಿದವರೇ ಮಾಲೀಕರು ಅನ್ನುವ ಆ ಮಾತು ಸಿನಿಮಾಕ್ಕೆ ಸೇರಿದ್ದು. ಚಾನೆಲ್ ಮೆಟ್ಟಿಲು ಹತ್ತುವ ಮುಂಚೆಯೇ ನೀವು ಬರೆದಿಟ್ಟ ಕಥೆ, ಪಾತ್ರಗಳ ವಿವರ, ಮೊದಲ ಐವತ್ತು ಎಪಿಸೋಡಿನ ಎಳೆ, ಇದು ಸಾಹಿತ್ಯ ಕೃತಿ. ನೀವೇ ಬರೆದಿದ್ದರೆ ಅದು ನಿಮ್ಮದೇ. ಅಗ್ರಿಮೆಂಟ್‌ನಲ್ಲಿ ಅದನ್ನೂ ಎಪಿಸೋಡ್ ಜೊತೆ ಕಟ್ಟಿ ಎತ್ತಿಕೊಂಡು ಹೋಗುವ ಒಂದು ಸಾಲು ಇರುತ್ತದೆ. ಅದನ್ನು ಹುಡುಕಿ. ಚಾನೆಲ್ ಪೂರ್ತಿ ಬಿಟ್ಟುಕೊಡುತ್ತೆ ಅಂತ ಆಸೆ ಇಟ್ಟುಕೊಳ್ಳಬೇಡಿ. ಆದರೆ ಬೇರೆ ಭಾಷೆಗೆ ರಿಮೇಕ್ ಆದರೆ ಎಪಿಸೋಡ್‌ಗೆ ಇಷ್ಟು ಅಂತ ನಿಮಗೆ ಕೊಡಬೇಕು, ಟೈಟಲ್ ಕಾರ್ಡಿನಲ್ಲಿ ಮೂಲ ಕಥೆ ಅಂತ ನಿಮ್ಮ ಹೆಸರು ಬರಬೇಕು ಅಂತ ಕೇಳಿದರೆ ಕೆಲವರು ಒಪ್ಪುತ್ತಾರೆ. ಒಂದೇ ಮರಾಠಿ ಧಾರಾವಾಹಿಯ ಕಥೆ ಕನ್ನಡ, ತೆಲುಗು, ತಮಿಳು ಮೂರಕ್ಕೂ ಹೋದದ್ದನ್ನು ನಾವೇ ನೋಡಿದ್ದೇವೆ. ಕನ್ನಡದ ಕಥೆಗಳಿಗೂ ಅಷ್ಟೇ ಬೆಲೆ ಇದೆ. ಮೊತ್ತ ಚಿಕ್ಕದಾದರೂ ಪರವಾಗಿಲ್ಲ, ಕಾಗದದ ಮೇಲೆ ಬರಲಿ.

ಎರಡನೆಯದು, 19ನೇ ಸೆಕ್ಷನ್. ಹಕ್ಕು ವರ್ಗಾವಣೆ ಬರವಣಿಗೆಯಲ್ಲಿ, ಸಹಿಯೊಂದಿಗೆ ಇರಬೇಕು. ಅವಧಿ ಬರೆಯದಿದ್ದರೆ ಐದು ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ ಅಂತ ಲೆಕ್ಕ. ಪಡೆದುಕೊಂಡವರು ಒಂದು ವರ್ಷದೊಳಗೆ ಆ ಹಕ್ಕನ್ನು ಬಳಸದಿದ್ದರೆ, ಬೇರೆ ಏನೂ ಬರೆದಿಲ್ಲದಿದ್ದರೆ, ಅದು ಬಿದ್ದುಹೋಗುತ್ತದೆ. ನಿಮ್ಮ ಅಗ್ರಿಮೆಂಟ್‌ನಲ್ಲಿ "19(4) ಅನ್ವಯಿಸುವುದಿಲ್ಲ" ಅನ್ನೋ ಸಾಲು ಇದ್ದೇ ಇರುತ್ತೆ, ನೋಡಿ. ಈ ಒಂದು ವರ್ಷದ ರಕ್ಷಣೆಯನ್ನು ತೆಗೆದುಹಾಕುವ ಸಾಲು ಅದು. ಚಾನೆಲ್ ಕಥೆ ತಗೊಂಡು ಶೂಟಿಂಗೇ ಶುರು ಮಾಡದೆ ಕಪಾಟಿನಲ್ಲಿ ಇಟ್ಟುಬಿಟ್ಟರೆ ನಿಮ್ಮ ಗತಿ ಏನು? "ಹದಿನೆಂಟು ತಿಂಗಳಲ್ಲಿ ಪ್ರಸಾರ ಶುರುವಾಗದಿದ್ದರೆ ಕಥೆ ವಾಪಸ್" ಅಂತ ಒಂದು ಸಾಲು ಕೇಳಿ. ಈ ಬೇಡಿಕೆಗೆ ಇಲ್ಲ ಅಂದವರು ನನಗೆ ಕಡಿಮೆ ಸಿಕ್ಕಿದ್ದಾರೆ.

ಇನ್ನು ನಿಮ್ಮ ಮನೆಯೊಳಗಿನ ಲೆಕ್ಕ. ನಮ್ಮವರು ಎಡವುವುದು ಜಾಸ್ತಿ ಇಲ್ಲೇ. ಅಗ್ರಿಮೆಂಟ್‌ನಲ್ಲಿ ನೀವು "ಎಲ್ಲ ಹಕ್ಕೂ ನನ್ನ ಹತ್ತಿರ ಇದೆ, ತಕರಾರು ಬಂದರೆ ನಷ್ಟ ನಾನೇ ತುಂಬಿಕೊಡುತ್ತೇನೆ" ಅಂತ ಮಾತು ಕೊಡುತ್ತೀರಿ. ನಿಜವಾಗಿ ಇದೆಯಾ? ಡೈಲಾಗ್ ಬರೆಯುವವರಿಗೆ ಎಪಿಸೋಡ್‌ಗೆ ಇಷ್ಟು ಅಂತ ಫೋನ್‌ಪೇ ಮಾಡಿದ್ದೀರಿ, ಅಷ್ಟೇ. ಅವರು ನಿಮ್ಮ ಸಂಬಳದ ನೌಕರರಲ್ಲ. ದುಡ್ಡು ಕೊಟ್ಟ ಮಾತ್ರಕ್ಕೆ ಬರಹದ ಹಕ್ಕು ನಿಮ್ಮದಾಗಲ್ಲ, ಬರೆದ ಕಾಗದ ಬೇಕು. ಚಿತ್ರಕಥೆ ಬರೆದವರು, ಸಂಗೀತ ಮಾಡಿದವರು, ಟೈಟಲ್ ಸಾಂಗ್ ಬರೆದವರು, ಹಾಡಿದವರು, ನಟಿಸಿದವರು ಎಲ್ಲರಿಂದಲೂ ಒಂದೊಂದು ಕಾಗದ. ಮಕ್ಕಳು ನಟಿಸುತ್ತಿದ್ದರೆ ಜಿಲ್ಲಾ ಮ್ಯಾಜಿಸ್ಟ್ರೇಟರ ಅನುಮತಿ, ದಿನಕ್ಕೆ ಐದು ಗಂಟೆಗಿಂತ ಜಾಸ್ತಿ ಕೆಲಸ ಇಲ್ಲ, ಅವರ ದುಡಿಮೆಯ ಕನಿಷ್ಠ 20 ಶೇಕಡಾ ಮಗುವಿನ ಹೆಸರಲ್ಲಿ ಡಿಪಾಸಿಟ್. ಇದನ್ನು ದಯವಿಟ್ಟು ತಪ್ಪಿಸಬೇಡಿ.

ಒಮ್ಮೆ ನಮ್ಮ ನಿರ್ಮಾಪಕರೊಬ್ಬರು ಸ್ವಂತ ದುಡ್ಡಲ್ಲಿ ಮಾಡಿದ್ದ ಹದಿಮೂರು ಕಂತಿನ ಸರಣಿಯನ್ನು ಒಂದು ಓಟಿಟಿಯವರು ಕೇಳಿದರು. ಅವರ ಲೀಗಲ್ ಟೀಮ್ ಎಲ್ಲ ಕಾಗದ ಕೇಳಿತು. ಟೈಟಲ್ ಸಾಂಗ್ ಬರೆದವರದು ಇರಲಿಲ್ಲ. ಅವರು ತೀರಿಕೊಂಡು ವರ್ಷ ಆಗಿತ್ತು. ನಾನು ಮೈಸೂರಿಗೆ ಹೋಗಿ ಅವರ ಹೆಂಡತಿಯನ್ನು ಕಂಡೆ. ಆಯಮ್ಮ ಕಾಫಿ ಕೊಟ್ಟು, ಗಂಡನ ಪುಸ್ತಕಗಳ ನಡುವಿನಿಂದ ಆ ಹಾಡು ಬರೆದಿದ್ದ ಹಾಳೆಯನ್ನೇ ತೆಗೆದು ತೋರಿಸಿದರು. ಮದುವೆ ಕರೆಯೋಲೆಯ ಹಿಂಬದಿ, ನೀಲಿ ಇಂಕು, ಎರಡನೇ ಚರಣದಲ್ಲಿ ಒಂದು ಸಾಲು ಹೊಡೆದುಹಾಕಿದ್ದರು. "ಇದಕ್ಕೆ ಸಹಿ ಹಾಕಿದರೆ ನಮಗೆ ಮುಂದೆ ಏನೂ ಬರಲ್ಲವಾ?" ಅಂತ ಕೇಳಿದರು. "ಬರುತ್ತೆ ಅಮ್ಮಾ" ಅಂದೆ. ಅದು ಸುಮ್ನೆ ಸಮಾಧಾನಕ್ಕೆ ಹೇಳಿದ್ದಲ್ಲ. 2012ರಲ್ಲಿ ಕಾಯ್ದೆಗೆ ತಿದ್ದುಪಡಿ ಆದ ಮೇಲೆ ಸಿನಿಮಾದಲ್ಲಿ ಸೇರಿದ ಸಾಹಿತ್ಯ, ಸಂಗೀತದ ಕರ್ತೃಗಳು ತಮ್ಮ ಪಾಲಿನ ರಾಯಲ್ಟಿಯನ್ನು ಬಿಟ್ಟುಕೊಡಲು ಆಗಲ್ಲ. ಚಿತ್ರಮಂದಿರದಲ್ಲಿ ತೋರಿಸುವುದನ್ನು ಬಿಟ್ಟು ಉಳಿದ ಬಳಕೆಗಳಿಗೆ ಅವರ ಪಾಲು ಉಳಿದೇ ಉಳಿಯುತ್ತದೆ. ಅದು ವಾರಸುದಾರರಿಗೆ ಅಥವಾ ಕಾಪಿರೈಟ್ ಸೊಸೈಟಿಗೆ ಮಾತ್ರ ಹೋಗಬಹುದು. ಕಾಗದದಲ್ಲಿ ಆ ಸಾಲನ್ನೂ ಸೇರಿಸಿದೆವು. ಹಾಡು ಬರೆದವರ, ಸಂಗೀತ ಮಾಡಿದವರ ರಾಯಲ್ಟಿ ಸಂಗ್ರಹಿಸುವ ಸೊಸೈಟಿಯಾದ ಐಪಿಆರ್‌ಎಸ್‌ನಲ್ಲಿ ವಾರಸುದಾರರಾಗಿ ಸದಸ್ಯತ್ವ ಪಡೆಯಲು ಅವರಿಗೆ ಅರ್ಜಿ ತುಂಬಿಕೊಟ್ಟು ಬಂದೆ. ನೀವೂ ನಿಮ್ಮ ಬರಹಗಾರರಿಗೆ ಕೊಡುವ ಕಾಗದದಲ್ಲಿ ಈ ಸಾಲು ಬಿಡಬೇಡಿ. "ಎಲ್ಲ ರಾಯಲ್ಟಿಯನ್ನೂ ಬಿಟ್ಟಿದ್ದೇನೆ" ಅಂತ ಬರೆಸಿಕೊಂಡರೂ ಅದು ನಿಲ್ಲಲ್ಲ. ಬರೆದವರ ಹೊಟ್ಟೆ ಮೇಲೆ ಹೊಡೆದು ನಾವು ಚಾನೆಲ್ ಹತ್ತಿರ ನ್ಯಾಯ ಕೇಳೋದು ಸರಿಯೂ ಅಲ್ಲ.

ಕಾದಂಬರಿ ಆಧರಿಸಿದ ಧಾರಾವಾಹಿ ಮುಂದೆ ಮಾಡಬೇಕು ಅಂತಲೂ ಬರೆದಿದ್ದೀರಿ. ಲೇಖಕರು ಬದುಕಿರುವವರೆಗೆ, ತೀರಿಕೊಂಡ ಮುಂದಿನ ವರ್ಷದಿಂದ ಇನ್ನೂ 60 ವರ್ಷ ಹಕ್ಕು ಇರುತ್ತದೆ. ತ್ರಿವೇಣಿಯವರು 1963ರಲ್ಲಿ ತೀರಿಕೊಂಡರು, ಅವರು ಬದುಕಿದ್ದಾಗ ಪ್ರಕಟವಾದ ಕಾದಂಬರಿಗಳ ಹಕ್ಕಿನ ಅವಧಿ 2023ರ ಕೊನೆಗೆ ಮುಗಿದಿದೆ. ಅ.ನ.ಕೃ. ಅವರದು 2031ರ ಕೊನೆವರೆಗೂ ಇದೆ, ಅವರ ವಾರಸುದಾರರ ಒಪ್ಪಿಗೆ ಬೇಕು. ಆದರೆ ಒಂದು ಎಚ್ಚರಿಕೆ. ತ್ರಿವೇಣಿಯವರ ಕಾದಂಬರಿಗಳಿಂದ ಬಂದ ಸಿನಿಮಾಗಳ ಹಕ್ಕು ಬೇರೆ. ಸಿನಿಮಾದವರು ಸೇರಿಸಿದ ದೃಶ್ಯ, ಮಾತು, ಹಾಡು ಏನನ್ನೂ ಮುಟ್ಟುವ ಹಾಗಿಲ್ಲ. ಪುಸ್ತಕವನ್ನೇ ಮುಂದಿಟ್ಟುಕೊಂಡು ಚಿತ್ರಕಥೆ ಬರೆಸಿ. ಸಿನಿಮಾ ನೋಡಿ ಬೆಳೆದ ಬರಹಗಾರರಿಗೆ ಯಾವುದು ಪುಸ್ತಕದ್ದು, ಯಾವುದು ತೆರೆಯದ್ದು ಅನ್ನೋದು ಕಲಸಿಹೋಗಿರುತ್ತೆ.

ಹಾಗೇ, ಸೀನಿನ ಹಿನ್ನೆಲೆಗೆ ಹಳೇ ಸಿನಿಮಾ ಹಾಡಿನ ತುಣುಕು ಹಾಕಬೇಡಿ. "ಹತ್ತು ಸೆಕೆಂಡ್ ಒಳಗಿದ್ದರೆ ಪರವಾಗಿಲ್ಲ" ಅಂತ ಎಡಿಟಿಂಗ್ ರೂಮಿನಲ್ಲಿ ಯಾರಾದರೂ ಹೇಳೇ ಹೇಳುತ್ತಾರೆ. ಕಾಯ್ದೆಯಲ್ಲಿ ಅಂಥ ಸೆಕೆಂಡಿನ ಲೆಕ್ಕ ಎಲ್ಲೂ ಇಲ್ಲ.

ಈಗ ದುಡ್ಡಿನ ವಿಷಯ. ಸಣ್ಣ ನಿರ್ಮಾಪಕರನ್ನು ಮುಳುಗಿಸೋದು ಟಿಆರ್‌ಪಿಗಿಂತ ಜಾಸ್ತಿ ಇದೇ. ಎಪಿಸೋಡ್‌ಗೆ ಒಂದು ಲಕ್ಷ ಅಂತ ಇಟ್ಟುಕೊಳ್ಳಿ. ತಿಂಗಳಿಗೆ ಇಪ್ಪತ್ನಾಲ್ಕು ಎಪಿಸೋಡ್, 24 ಲಕ್ಷ. ಅದರ ಮೇಲೆ 18 ಶೇಕಡಾ ಜಿಎಸ್‌ಟಿ, 4 ಲಕ್ಷ 32 ಸಾವಿರ. ಬಿಲ್ ಹಾಕಿದ ಮುಂದಿನ ತಿಂಗಳೇ ಆ ತೆರಿಗೆ ಕಟ್ಟಬೇಕು, ಚಾನೆಲ್ ದುಡ್ಡು ಬಂದಿರಲಿ ಬಿಡಲಿ. ನೀವು ಖರ್ಚಿನ ಮೇಲೆ ಕಟ್ಟಿದ ಜಿಎಸ್‌ಟಿ ಒಂದಷ್ಟು ಕಳೆಯಬಹುದು, ಆದರೆ ನಮ್ಮಲ್ಲಿ ಲೈಟ್‌ಬಾಯ್, ಊಟ, ದಿನಗೂಲಿ ಅಂತ ಜಿಎಸ್‌ಟಿ ಇಲ್ಲದ ಖರ್ಚೇ ಜಾಸ್ತಿ ಅಲ್ವಾ? ಅಗ್ರಿಮೆಂಟ್‌ನಲ್ಲಿ ಪೇಮೆಂಟ್ ತೊಂಬತ್ತು ದಿನ ಅಂತಿದ್ದರೆ ಮೂರು ತಿಂಗಳ ಖರ್ಚೂ ತೆರಿಗೆಯೂ ನಿಮ್ಮ ಕೈಯಿಂದಲೇ.

ಅದಕ್ಕೆ ಅಗ್ರಿಮೆಂಟ್‌ಗೂ ಮುಂಚೆಯೇ ಉದ್ಯಮ್ ನೋಂದಣಿ (ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ದಾಖಲಾಗುವುದು) ಮಾಡಿಸಿ. ಆನ್‌ಲೈನ್, ಉಚಿತ. ನೀವು ಮೈಕ್ರೋ ಅಥವಾ ಸ್ಮಾಲ್ ವರ್ಗದಲ್ಲಿದ್ದರೆ, 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ನೀವು ಮಾಡಿಕೊಟ್ಟ ಕೆಲಸವನ್ನು ಚಾನೆಲ್ ಒಪ್ಪಿಕೊಂಡ ದಿನದಿಂದ ಪೇಮೆಂಟ್‌ಗೆ 45 ದಿನಕ್ಕಿಂತ ಜಾಸ್ತಿ ಗಡುವು ಇಡುವ ಹಾಗಿಲ್ಲ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. 2023ರ ಹಣಕಾಸು ಕಾಯ್ದೆ ಬಂದ ಮೇಲೆ ಹೀಗೆ ತಡಮಾಡಿದ ಮೊತ್ತವನ್ನು ನಿಜವಾಗಿ ಕೊಡುವವರೆಗೆ ಚಾನೆಲ್ ಆದಾಯ ತೆರಿಗೆ ಲೆಕ್ಕದಲ್ಲಿ ತನ್ನ ಖರ್ಚು ಅಂತ ಕಳೆಯುವ ಹಾಗೂ ಇಲ್ಲ. ನನ್ನ ಅನುಭವದಲ್ಲಿ ಬಡ್ಡಿಯ ಮಾತಿಗಿಂತ ಇದಕ್ಕೇ ಅವರ ಅಕೌಂಟ್ಸ್ ವಿಭಾಗ ಬೇಗ ಎಚ್ಚರವಾಗುತ್ತದೆ. ಪ್ರತಿ ಬಿಲ್ಲಿನ ಮೇಲೂ ಉದ್ಯಮ್ ನಂಬರ್ ಮುದ್ರಿಸಿ.

ಟಿಡಿಎಸ್, ಅಂದರೆ ದುಡ್ಡು ಕೊಡುವಾಗಲೇ ಚಾನೆಲ್ ಹಿಡಿದುಕೊಳ್ಳುವ ಆದಾಯ ತೆರಿಗೆ, ಅದರ ಕಡೆಗೂ ಒಂದು ಕಣ್ಣಿರಲಿ. ಚಾನೆಲ್ ಹೇಳಿದ ಹಾಗೆ ಮಾಡಿ, ಹಕ್ಕನ್ನೂ ಅವರಿಗೇ ಕೊಟ್ಟರೆ ಅದು ಗುತ್ತಿಗೆ ಕೆಲಸ. ನೀವೇ ಮಾಡಿಟ್ಟ ಕಾರ್ಯಕ್ರಮದ ಪ್ರಸಾರ ಹಕ್ಕನ್ನು ಮಾತ್ರ ಕೊಟ್ಟರೆ ಅದು ಗುತ್ತಿಗೆ ಅಲ್ಲ. 2016ರ ಫೆಬ್ರವರಿಯಲ್ಲಿ ನೇರ ತೆರಿಗೆ ಮಂಡಳಿಯೇ ಸುತ್ತೋಲೆ ಹೊರಡಿಸಿ ಇದನ್ನು ಸ್ಪಷ್ಟ ಮಾಡಿದೆ. ಗುತ್ತಿಗೆಗೆ ಸ್ವಂತ ಹೆಸರಿನವರಿಗೆ 1 ಶೇಕಡಾ, ಕಂಪನಿ ಅಥವಾ ಪಾಲುದಾರಿಕೆಯಾದರೆ 2 ಶೇಕಡಾ ಹಿಡಿಯುತ್ತಾರೆ. ಹಕ್ಕನ್ನು ಪೂರ್ತಿ ತಗೊಂಡೂ ರಾಯಲ್ಟಿ ಅಂತ 10 ಶೇಕಡಾ ಹಿಡಿಯುತ್ತಿದ್ದರೆ ಈ ಸುತ್ತೋಲೆ ತೋರಿಸಿ ಕೇಳಿ. ತಿಂಗಳಿಗೆ 24 ಲಕ್ಷದ ಬಿಲ್ಲಿನಲ್ಲಿ ಆ ವ್ಯತ್ಯಾಸವೇ ಎರಡು ಲಕ್ಷದ ಹತ್ತಿರ.

ಧಾರಾವಾಹಿ ನಿಲ್ಲಿಸುವ ಷರತ್ತನ್ನೂ ಓದಿ. ಒಂದು ವಾರದ ನೋಟಿಸ್ ಅಂತಿದ್ದರೆ ಮೂವತ್ತು ಎಪಿಸೋಡ್ ಮುಂಚೆ ನೋಟಿಸ್ ಅಂತ ಮಾಡಿಸಿ, ಅಷ್ಟಕ್ಕೂ ಒಪ್ಪದಿದ್ದರೆ ಸೆಟ್ ಖರ್ಚಿನ ಉಳಿದ ಪಾಲನ್ನು ಕೇಳಿ.

ಇವತ್ತೇ ಮಾಡಬಹುದಾದ ಒಂದು ಕೆಲಸ ಇದೆ. ಕಥೆಯ ಕರಡು, ತಾರೀಖಿರುವ ಇಮೇಲ್‌ಗಳು, ಚಾನೆಲ್‌ಗೆ ತೋರಿಸಿದ ಪಿಪಿಟಿ ಎಲ್ಲ ಒಂದು ಕಡೆ ಇಡಿ. ಸಾಧ್ಯವಾದರೆ ಕಥೆಯನ್ನು ಕಾಪಿರೈಟ್ ಕಚೇರಿಯಲ್ಲಿ ನೋಂದಾಯಿಸಿ. ಸಾಹಿತ್ಯ ಕೃತಿಗೆ ಶುಲ್ಕ 500 ರೂಪಾಯಿ. ಕಡ್ಡಾಯ ಅಲ್ಲ, ಆದರೆ ತಕರಾರು ಬಂದ ದಿನ ಆ ಸರ್ಟಿಫಿಕೇಟ್ ಕೈಯಲ್ಲಿರೋದು ದೊಡ್ಡ ಧೈರ್ಯ. ಆಮೇಲೆ ಲೀಗಲ್ ಟೀಮಿಗೆ ಮೇಲ್ ಹಾಕುವ ಮುಂಚೆ, ನಿಮ್ಮ ಕಥೆಯನ್ನು ಒಪ್ಪಿಕೊಂಡ ಚಾನೆಲ್‌ನವರ ಜೊತೆ ಫೋನಿನಲ್ಲಿ ಮಾತಾಡಿ. ರಿಮೇಕ್ ಪಾಲು, ಕಥೆ ವಾಪಸ್ ಬರುವ ಗಡುವು, 45 ದಿನ, ಈ ಮೂರನ್ನು ಅವರಿಗೆ ಮೊದಲು ಹೇಳಿ. ಕಥೆ ಇಷ್ಟಪಟ್ಟವರು ಒಳಗಿನಿಂದ ನಿಮ್ಮ ಪರ ಒಂದು ಮಾತಾಡಿದರೆ ಲೀಗಲ್‌ನವರು ತುಂಬಾ ಬಿಗಿ ಹಿಡಿಯಲ್ಲ.

ರಿಮೇಕ್ ಇರುವ ಷರತ್ತನ್ನು ಹೆಸರು, ಮೊತ್ತ ತೆಗೆದು ಇಲ್ಲಿ ಹಾಕಿ. ನೋಡಿ, ಯಾವ ಪದ ಬದಲಿಸಲು ಕೇಳಬೇಕು ಅಂತ ಹೇಳುತ್ತೇನೆ.