ಅಟ್ಟ ಇದೆ, ಹೊಗೆ ಇಲ್ಲ

ಓದುಗರ ಪತ್ರ

ಸಂಪಾದಕರಿಗೆ ನಮಸ್ಕಾರ. ನಮ್ಮದು ಕೊಡಗಿನ ಸುಂಟಿಕೊಪ್ಪದ ಹತ್ತಿರ ಸಣ್ಣ ಕಾಫಿ ತೋಟ. ಮನೆಯಲ್ಲಿ ಅತ್ತೆ, ನಾವಿಬ್ಬರು, ಶಾಲೆಗೆ ಹೋಗುವ ಇಬ್ಬರು ಮಕ್ಕಳು. ಹಣ ಬರುವುದು ವರ್ಷಕ್ಕೊಮ್ಮೆ. ಕೂಲಿ, ಗೊಬ್ಬರ, ಸೊಸೈಟಿ ಸಾಲ ಎಲ್ಲ ಕಳೆದು ಈ ಸಲ ಮನೆಖರ್ಚಿಗೆ 1,80,000 ರೂಪಾಯಿ ಉಳಿದಿದೆ. ಆದರೆ ಪ್ರತಿ ವರ್ಷ ಜುಲೈ ಬರುವಷ್ಟರಲ್ಲಿ ಅಂಗಡಿಯಲ್ಲಿ ಬರೆಸಿ ತರುವ ಹಾಗಾಗುತ್ತದೆ. ಅತ್ತೆ ಹೇಳಿದಂತೆ ಮೇ ತಿಂಗಳಲ್ಲೇ ನಾಲ್ಕು ತಿಂಗಳ ಸಾಮಾನು ತಂದು ಅಟ್ಟಕ್ಕೆ ಏರಿಸುತ್ತೇನೆ. ಹೋದ ವರ್ಷ ರವೆಯಲ್ಲಿ ಹುಳ, ಹಪ್ಪಳಕ್ಕೆ ಬೂಷ್ಟು, ಬೆಲ್ಲ ಕರಗಿ ನೀರು. ನಿಮ್ಮ ಪತ್ರಿಕೆಯಲ್ಲಿ ಬಂದ ‘ತಿಂಗಳ ಬಜೆಟ್’ ಲೇಖನ ನಮ್ಮ ಮನೆಗೆ ಹೊಂದುವುದಿಲ್ಲ. ಲೆಕ್ಕ ಬರೆಯೋಣ ಅಂದರೆ ಯಜಮಾನರು ‘ಬರೆದರೆ ದುಡ್ಡು ಹುಟ್ಟುತ್ತಾ?’ ಅನ್ನುತ್ತಾರೆ. ಏನು ಮಾಡಲಿ? ಇನ್ನೊಂದು ಮಾತು. ಬಚ್ಚಲಿನ ಹಳೇ ತಾಮ್ರದ ಹಂಡೆ ಕೊಟ್ಟು ಗೀಸರ್ ತಗೊಳ್ಳಬೇಕು ಅಂತಿದ್ದೇವೆ, ಮಳೆಗಾಲದಲ್ಲಿ ಕರೆಂಟ್ ವಾರಗಟ್ಟಲೆ ಇರುವುದಿಲ್ಲ ಅನ್ನುವುದೊಂದೇ ಯೋಚನೆ. ತಗೊಳ್ಳಬಹುದಾ? (ಹೆಸರು ಹಾಕಬೇಡಿ.)

ಸಂಪಾದಕರ ಉತ್ತರ

ಹೆಸರು ಬೇಡ ಅಂದಿದ್ದೀರಿ. ಹಾಗಾಗಿ ಅಕ್ಕ ಅಂತಲೇ ಕರೆಯುತ್ತೇನೆ. ವಯಸ್ಸಿನಲ್ಲಿ ನೀವು ನನಗಿಂತ ಚಿಕ್ಕವರಿರಬಹುದು, ಇರಲಿ.

ಮೊದಲು ನಮ್ಮ ತಪ್ಪು ಒಪ್ಪಿಕೊಳ್ಳುತ್ತೇನೆ. ಆ ಲೇಖನ ಸಂಬಳದವರಿಗಾಗಿ ಬರೆದದ್ದು. ಒಂದನೇ ತಾರೀಖು ಹಣ ಬರುವ ಮನೆಗೆ ಅದು ಸರಿ. ಕಾಫಿ ಮಾರಿದ ದಿನ ಮಾತ್ರ ಹಣ ಕಾಣುವ ಮನೆಗೆ ಅಲ್ಲ. ಮಡಿಕೇರಿಯಲ್ಲಿ ಕೂತು ಪತ್ರಿಕೆ ಮಾಡುವ ನಮಗೆ ಇಷ್ಟು ಹೊಳೆಯಬೇಕಿತ್ತು.

ಇನ್ನು ನಿಮ್ಮ ಅಟ್ಟದ ವಿಷಯ. ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಹತ್ತಿರದ್ದು ಅನ್ನಿಸಿದ್ದು ಇದೇ. ಮದುವೆಯಾದ ಹೊಸದರಲ್ಲಿ ನಾನೂ ಹೀಗೇ ಮಾಡಿದ್ದೆ. ಮೇ ತಿಂಗಳಲ್ಲಿ ಕಡಿಮೆಗೆ ಸಿಕ್ಕಿತು ಅಂತ 25 ಕಿಲೋದ ಎರಡು ಮೂಟೆ ಅಕ್ಕಿ ತಂದು, ಪ್ಲಾಸ್ಟಿಕ್ ಡ್ರಮ್ಮಿಗೆ ತುಂಬಿ ಅಟ್ಟಕ್ಕೆ ಏರಿಸಿದೆ. ಜುಲೈ ಕೊನೆಗೆ ಮುಚ್ಚಳ ತೆಗೆದರೆ ಅಕ್ಕಿಯೇ ನಡೆದಾಡುತ್ತಿದೆ! ಕರೆಂಟ್ ಇಲ್ಲ. ಮೊಂಬತ್ತಿ ಇಟ್ಟುಕೊಂಡು ಮೂರು ರಾತ್ರಿ ಮೊರದಲ್ಲಿ ಕೇರಿದೆ. ಕಡೆಗೂ ಅರ್ಧದಷ್ಟು ಕೋಳಿಗೆ ಹೋಯಿತು. ಆ ವರ್ಷ ನಮ್ಮ ಕೋಳಿಗಳು ಚೆನ್ನಾಗಿ ಮೈ ತುಂಬಿಕೊಂಡಿದ್ದವು, ಅಷ್ಟೇ ಲಾಭ.

ನನ್ನ ಅತ್ತೆಯವರ ಕಾಲದಲ್ಲಿ ಅದೇ ಅಟ್ಟದಲ್ಲಿ ಅಕ್ಕಿ ಹುತ್ತರಿವರೆಗೆ, ಅಂದರೆ ಹೊಸ ಭತ್ತ ಮನೆಗೆ ಬರುವ ಹಬ್ಬದವರೆಗೆ, ಇರುತ್ತಿತ್ತಂತೆ. ನನಗೆ ಯಾಕೆ ಆಗಲಿಲ್ಲ? ಉತ್ತರ ಹೊಳೆಯಲು ವರ್ಷಗಳೇ ಬೇಕಾದವು. ಆಗ ಅಟ್ಟದ ಕೆಳಗೆ ಸೌದೆ ಒಲೆ ಇತ್ತು. ಬೆಳಗಿನ ಕಾಫಿಯಿಂದ ರಾತ್ರಿ ಸಾರಿನವರೆಗೆ ಅದು ಆರುತ್ತಲೇ ಇರಲಿಲ್ಲ. ಬಿಸಿ ಮೇಲೇರಿ ತೇವವನ್ನು ಓಡಿಸುತ್ತಿತ್ತು. ಹೊಗೆಗೆ ಹುಳ ಹತ್ತಿರ ಸುಳಿಯುತ್ತಿರಲಿಲ್ಲ. ತೊಲೆಗಳು ಕಪ್ಪಗೆ ಮಿರಮಿರ ಮಿಂಚುತ್ತಿದ್ದದ್ದು ಸುಮ್ನೆ ಅಲ್ಲ. ಈಗ ಕೆಳಗಿರುವುದು ಗ್ಯಾಸ್, ನಿಮ್ಮಲ್ಲೂ ಹಾಗೇ ಇರಬೇಕು. ಹೊಗೆ ಇಲ್ಲ, ಉರಿಯುವುದೂ ಎರಡು ಗಂಟೆ. ಸಾಲದ್ದಕ್ಕೆ ಗ್ಯಾಸ್ ಉರಿದಾಗ ನೀರಾವಿಯೂ ಹುಟ್ಟುತ್ತದೆ, ಕುಕ್ಕರಿನ ಆವಿಯೂ ಜೊತೆಗೆ. ಎಲ್ಲ ಸೀದಾ ಅಟ್ಟಕ್ಕೆ. ಅಂದರೆ ಮನೆಯಲ್ಲಿ ಎಲ್ಲಕ್ಕಿಂತ ಒಣಗಿದ್ದ ಜಾಗವೇ ಈಗ ಎಲ್ಲಕ್ಕಿಂತ ಜಾಸ್ತಿ ಬೆವರುವ ಜಾಗ. ಅತ್ತೆ ಹೇಳಿದ್ದು ತಪ್ಪಲ್ಲ ಅಕ್ಕ. ಅವರು ಹೇಳುತ್ತಿರುವುದು ಒಲೆ ಇದ್ದ ಮನೆಯ ಲೆಕ್ಕ.

ಇನ್ನೊಂದು ಬದಲಾವಣೆಯೂ ಇದೆ. ಆಗ ಹೊಳೆ ಉಕ್ಕಿದರೆ ತಿಂಗಳುಗಟ್ಟಲೆ ದಾರಿ ಇರುತ್ತಿರಲಿಲ್ಲ. ಈಗ ನಿಮ್ಮೂರು ಮೈಸೂರು ಹೆದ್ದಾರಿಯ ಮೇಲೆ ಇದೆ. ಸಂತೆ ನಿಲ್ಲುವುದಿಲ್ಲ, ಅಂಗಡಿ ಮುಚ್ಚುವುದಿಲ್ಲ. ಹಾಗಂತ ಮನೆ ಖಾಲಿ ಇಟ್ಟುಕೊಳ್ಳಿ ಅಂತ ಹೇಳುತ್ತಿಲ್ಲ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜರಿದಾಗ ದಾರಿಯೇ ಕಡಿದುಹೋದದ್ದನ್ನು ನಾವೆಲ್ಲ ನೋಡಿದ್ದೇವೆ. ಮೂರು ವಾರಕ್ಕೆ ಸಾಕಾಗುವಷ್ಟು ಯಾವಾಗಲೂ ಇರಲಿ. ನಾಲ್ಕು ತಿಂಗಳದ್ದು ಬೇಡ. ಮಳೆಗಾಲದಲ್ಲಿ ಹೊಳೆ ಉಕ್ಕುವ ಭಾಗಮಂಡಲದ ಕಡೆಯವರು ಕೇಳಿದ್ದರೆ ಬೇರೆ ಮಾತು ಹೇಳುತ್ತಿದ್ದೆ.

ಮೇ ತಿಂಗಳಲ್ಲೇ ಜಾಸ್ತಿ ತಂದಿಡಬಹುದಾದ್ದೂ ಕೆಲವು ಇವೆ. ಎಣ್ಣೆ, ಸೋಪು, ಉಪ್ಪು. ಉಪ್ಪು ನೀರೊಡೆದರೂ ಕೆಡುವುದಿಲ್ಲ, ಹಳೇ ಮನೆಗಳಲ್ಲಿ ಅದಕ್ಕೇ ಮರದ ಮರಿಗೆ ಇರುತ್ತಿತ್ತು. ಸೋಪಿನ ಕಾಗದ ಬಿಚ್ಚಿ ಮಳೆಗೆ ಮುಂಚೆ ಗಾಳಿಗಿಟ್ಟರೆ ಗಟ್ಟಿಯಾಗಿ ಹೆಚ್ಚು ದಿನ ಬರುತ್ತದೆ. ಮೆಣಸಿನಪುಡಿ, ಕೊತ್ತಂಬರಿಪುಡಿ ಬೇಡ, ಇಡಿಯದ್ದೇ ಇರಲಿ, ಬೇಕಾದಾಗ ಪುಡಿ ಮಾಡಿಕೊಳ್ಳಿ. ಬೇಳೆಯನ್ನು ಏಪ್ರಿಲ್ ಬಿಸಿಲಲ್ಲಿ ಎರಡು ದಿನ ಒಣಗಿಸಿ. ಆದರೆ ಬಿಸಿ ಇರುವಾಗಲೇ ಡಬ್ಬಿಗೆ ತುಂಬಬೇಡಿ. ಮುಚ್ಚಳದ ಒಳಗೆ ಬೆವರುತ್ತದೆ, ಒಣಗಿಸಿದ್ದೆಲ್ಲ ವ್ಯರ್ಥ. ಪೂರ್ತಿ ತಣ್ಣಗಾಗಲಿ. ರವೆಯನ್ನು ತಿಂಗಳಿಗೆ ಎಷ್ಟು ಬೇಕೋ ಅಷ್ಟೇ ತನ್ನಿ, ತಂದ ದಿನವೇ ಹುರಿದಿಡಿ. ಬೆಲ್ಲವೂ ಹಾಗೇ, ಒಂದು ಸಲಕ್ಕೆ ಒಂದು ಅಚ್ಚು.

ತರಕಾರಿಗೆ ಎಷ್ಟು ಹೋಗುತ್ತದೆ ಅಂತ ನೀವು ಬರೆದಿಲ್ಲ. ಮಳೆಗಾಲದಲ್ಲಿ ಸಂತೆಯಿಂದ ನೀರು ಕುಡಿದ ಹೂಕೋಸು ತರುವವರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಹಿತ್ತಲಲ್ಲಿ ಕೆಸ ಇರುತ್ತದೆ. ಎಳೆ ಬಿದಿರಿನ ಕಣಿಲೆ ಬರುತ್ತದೆ (ಹೆಚ್ಚಿ ಎರಡು ಮೂರು ದಿನ ನೀರು ಬದಲಿಸಿ ನೆನೆಸಲೇಬೇಕು, ಅವಸರ ಮಾಡಬೇಡಿ). ಕಕ್ಕಡ ತಿಂಗಳಿಗೆ (ಜುಲೈ-ಆಗಸ್ಟ್) ಮದ್ದು ಸೊಪ್ಪು ಬರುತ್ತದೆ. ಮೇ ತಿಂಗಳ ಹಲಸಿನ ಬೀಜಕ್ಕೆ ಕೆಮ್ಮಣ್ಣು ಮೆತ್ತಿ ಒಣಗಿಸಿಟ್ಟರೆ ಸಾರಿಗೂ ಆಯಿತು, ಸುಟ್ಟು ತಿನ್ನಲೂ ಆಯಿತು. ಅಣಬೆ ಮಾತ್ರ ಗುರುತು ಗೊತ್ತಿದ್ದವರು ಕಿತ್ತದ್ದೇ ಇರಲಿ.

ಈಗ ದುಡ್ಡು. 1,80,000 ರೂಪಾಯಿ ಒಂದೇ ಖಾತೆಯಲ್ಲಿದ್ದರೆ ಮನೆಯವರೆಲ್ಲರಿಗೂ ಸಾಹುಕಾರರಾದ ಹಾಗೆ ಅನ್ನಿಸುತ್ತದೆ. ಮಾರ್ಚ್‌, ಏಪ್ರಿಲ್‌ನಲ್ಲಿ ಮದುವೆ, ಗೃಹಪ್ರವೇಶ ಅಂತ ಕರೆಗಳೂ ಆಗಲೇ ಬರುತ್ತವೆ. ಆಮೇಲೆ ಮೇ ತಿಂಗಳ ಸಾಮಾನು, ಜೂನ್‌ಗೆ ಶಾಲೆ. ಜುಲೈಗೆ ಏನು ಉಳಿದೀತು? ಹಾಗಾಗಿ ಹಣವನ್ನು ಈಗಲೇ ಒಡೆದಿಡಿ. ಶಾಲೆ ಫೀಸು, ಸಮವಸ್ತ್ರ, ವಿಮೆ, ಹುತ್ತರಿ ಬಟ್ಟೆ, ಇಂಥ ವರ್ಷಕ್ಕೊಮ್ಮೆ ಬರುವ ಖರ್ಚಿಗೆ 36,000 ತೆಗೆದಿಡಿ ಅಂತ ಇಟ್ಟುಕೊಳ್ಳೋಣ. ಉಳಿದದ್ದು 1,44,000. ಹನ್ನೆರಡು ತಿಂಗಳಿಗೆ ಹಂಚಿದರೆ ತಿಂಗಳಿಗೆ 12,000. ಮೊದಲ ಮೂರು ತಿಂಗಳ (ಮಾರ್ಚ್‌ನಿಂದ ಮೇ) 36,000 ಕೈಗೆ ಸಿಗುವ ಖಾತೆಯಲ್ಲಿರಲಿ. ಉಳಿದದ್ದನ್ನು 36,000ದಂತೆ ಮೂರು ಠೇವಣಿ ಮಾಡಿ. ಒಂದು ಜೂನ್ ಆರಂಭಕ್ಕೆ, ಒಂದು ಸೆಪ್ಟೆಂಬರ್‌ಗೆ, ಒಂದು ಡಿಸೆಂಬರ್‌ಗೆ ಕೈಗೆ ಬರುವ ಹಾಗೆ. ಇಷ್ಟು ಸಣ್ಣ ಅವಧಿಗೆ ಬಡ್ಡಿ ದೊಡ್ಡದೇನೂ ಬರುವುದಿಲ್ಲ. ಆದರೆ ಠೇವಣಿ ಮುರಿಯಬೇಕಾದರೆ ಸಾಮಾನ್ಯವಾಗಿ ಬ್ಯಾಂಕಿಗೆ ಹೋಗಬೇಕು, ಬಡ್ಡಿಯೂ ಕಡಿಮೆಯಾಗುತ್ತದೆ. ಆ ಸಣ್ಣ ಬೇಸರವೇ ನಮಗೆ ಬೇಕಾದ ಬೀಗ.

ಗೃಹಲಕ್ಷ್ಮಿಯ 2,000 ಇದ್ದರೆ ಅದನ್ನು ಈ ಲೆಕ್ಕಕ್ಕೆ ಸೇರಿಸಬೇಡಿ. ಬಂದಾಗ ಬಂತು. ಅಂಗಡಿಯ ಹಳೇ ಬಾಕಿ ತೀರಿಸಲು ಇರಲಿ.

ಸಿಲ್ವರ್ ಓಕ್‌ಗೆ ಹಬ್ಬಿಸಿದ ಮೆಣಸಿನ ಬಳ್ಳಿ ನಿಮ್ಮಲ್ಲೂ ನಾಲ್ಕು ಇದ್ದೇ ಇರಬೇಕು. ಅದನ್ನು ಕುಯ್ದ ಕೂಡಲೇ ಎಲ್ಲ ಮಾರಬೇಡಿ. ಕಾಫಿಯನ್ನು ಮಳೆಗಾಲಕ್ಕೆ ಇಟ್ಟುಕೊಳ್ಳುವುದು ಕಷ್ಟ, ತೇವ ಎಳೆದುಕೊಳ್ಳುತ್ತದೆ, ಬಣ್ಣ ಕೆಡುತ್ತದೆ. ಕಲ್ಲಿನಂತೆ ಒಣಗಿದ ಕರಿಮೆಣಸು ಹಾಗಲ್ಲ. ಒಳಗೆ ಪ್ಲಾಸ್ಟಿಕ್ ಹಾಕಿದ ಚೀಲದಲ್ಲಿ ಬಾಯಿ ಬಿಗಿದು, ನೆಲಕ್ಕೆ ತಾಗದಂತೆ ಹಲಗೆ ಮೇಲೆ ಇಡಿ. ಆಗಸ್ಟ್‌ನಲ್ಲಿ ಯಾರಿಗಾದರೂ ಜ್ವರ ಬಂದರೆ ಆಸ್ಪತ್ರೆ ಖರ್ಚಿಗೆ ಹತ್ತು ಕಿಲೋ ಮಾರಿದರಾಯಿತು.

ಯಜಮಾನರ ಪ್ರಶ್ನೆಗೆ ನನ್ನ ಉತ್ತರ ಹೇಳಿಬಿಡಿ. ಬರೆದರೆ ದುಡ್ಡು ಹುಟ್ಟುವುದಿಲ್ಲ, ನಿಜ. ಆದರೆ ಕಾಫಿ ಎಷ್ಟು ಮೂಟೆ ಆಯಿತು, ಯಾವ ದಿನ ಎಷ್ಟು ಮಳೆ ಬಂತು ಅಂತ ಅವರು ಬರೆಯುವುದಿಲ್ಲವಾ? ನಮ್ಮ ಜಿಲ್ಲೆಯ ತೋಟದವರು ಮಳೆ ಇಂಚಿನ ಲೆಕ್ಕ ಇಡುವಷ್ಟು ಶ್ರದ್ಧೆಯಿಂದ ಬೇರೇನನ್ನೂ ಇಡುವುದಿಲ್ಲ. ಅದೇ ಕ್ಯಾಲೆಂಡರಿನಲ್ಲಿ, ಮಳೆ ಬರೆಯುವ ಚೌಕದಲ್ಲೇ, ಆ ದಿನ ಅಂಗಡಿಗೆ ಕೊಟ್ಟದ್ದನ್ನೂ ಬರೆಯಲಿ. ಬೇರೆ ಪುಸ್ತಕ ಬೇಡ. ಪೈಸೆ ಪೈಸೆ ಬರೆಯುವುದೂ ಬೇಡ, ನೂರಕ್ಕಿಂತ ಮೇಲಿನದು ಸಾಕು.

ಕೊನೆಗೆ ಹಂಡೆ. ಖಂಡಿತ ಕೊಡಬೇಡಿ. 2 ಕಿಲೋವಾಟ್ ಗೀಸರ್ ಒಂದು ಗಂಟೆ ಉರಿದರೆ 2 ಯೂನಿಟ್. ಐದು ಜನರ ಸ್ನಾನಕ್ಕೆ ದಿನಕ್ಕೊಂದು ಗಂಟೆ ಅಂದರೂ ತಿಂಗಳಿಗೆ 60 ಯೂನಿಟ್. ಗೃಹಜ್ಯೋತಿಯಲ್ಲಿ ನಿಮ್ಮ ಹಳೇ ಸರಾಸರಿಯ ಮೇಲೆ ಸ್ವಲ್ಪ ಮಾತ್ರ ಉಚಿತ, ದಾಟಿದ್ದಕ್ಕೆ ಕಟ್ಟಬೇಕು. ಒಟ್ಟು 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು. ಇನ್ನು ಕರೆಂಟ್ ಇಲ್ಲದ ವಾರಗಳಲ್ಲಿ ಸ್ನಾನಕ್ಕೆ ಏನು ಮಾಡುತ್ತೀರಿ? ಹಂಡೆಗಾದರೆ ತೋಟದಲ್ಲೇ ಬೀಳುವ ಕಾಫಿ ಚಿಗರು ಕಡ್ಡಿ, ಮರಗಸಿ ಮಾಡಿದ (ನೆರಳಿನ ಮರಗಳಿಂದ ಸವರಿದ) ಕೊಂಬೆ ಸಾಕು. ಏಪ್ರಿಲ್ ಮುಗಿಯುವುದರೊಳಗೆ ಸೌದೆ ಕೊಟ್ಟಿಗೆಗೆ ಸೇರಿರಲಿ, ಅಷ್ಟೇ.

ಎಲ್ಲಕ್ಕಿಂತ ಮುಖ್ಯವಾಗಿ, ನಿಮ್ಮ ಮನೆಯಲ್ಲಿ ಉಳಿದಿರುವ ಒಂದೇ ಹೊಗೆ ಆ ಬಚ್ಚಲ ಒಲೆಯದು. ಅದರ ಬೆಂಕಿಯ ಬಾಯಿ ಹೊರಗಡೆ, ಸೌದೆ ಇಡುವ ಕಡೆಗೆ ಇದ್ದರೆ ಇನ್ನೂ ಒಳ್ಳೆಯದು. ಅಲ್ಲಿ ಸುಮಾರು ಆಳೆತ್ತರಕ್ಕೆ ಬಿದಿರಿನ ತಟ್ಟಿ ಕಟ್ಟಿಸಿ. ಹಪ್ಪಳದ ಡಬ್ಬಿ, ಒಣಮೆಣಸಿನಕಾಯಿ, ತಿನ್ನುವವರಾದರೆ ಒಣಮೀನು, ಎಲ್ಲ ಅಲ್ಲಿಗೆ ಹೋಗಲಿ. ಮಕ್ಕಳ ಸಮವಸ್ತ್ರ ಮಾತ್ರ ಅಲ್ಲಿ ಒಣಗಿಸಬೇಡಿ, ತರಗತಿಯಲ್ಲಿ ಎಲ್ಲರಿಗೂ ಹೊಗೆ ವಾಸನೆ ಗೊತ್ತಾಗುತ್ತದೆ. ತಟ್ಟಿ ಸರಿಯಾಗಿ ಎಷ್ಟು ಎತ್ತರ ಇರಬೇಕು ಅಂತ ಅತ್ತೆಯನ್ನೇ ಕೇಳಿ. ಅವರಿಗೆ ಅಂದಾಜು ಚೆನ್ನಾಗಿ ಗೊತ್ತಿರುತ್ತದೆ.