ಗಾಡಿಯ ಹಿಂದಿನ ಸೀಟು ತೆಗೆದ ಮೇಲೆ ಅದೇ ತೂತು, ಅದೇ ಬೋಲ್ಟ್ ಬಳಸಿ ಸಾಮಾನಿನ ಹಲಗೆ ಕೂರಿಸಬಹುದೇ?

ತೂತು ಖಂಡಿತ ಬಳಸಿ. ಬೋಲ್ಟ್ ವಿಷಯ ಆಮೇಲೆ ಹೇಳುತ್ತೇನೆ.

ನಿಮ್ಮ ಫೋರ್ ಬೈ ಫೋರ್ (ನಾಲ್ಕೂ ಚಕ್ರಕ್ಕೆ ಇಂಜಿನ್ ಬಲ ಹೋಗುವ) ಗಾಡಿಯಲ್ಲಿ ಪ್ಲೈವುಡ್ ಹಲಗೆ, ಅದರ ಮೇಲೆ ಫ್ರಿಜ್ ಇಡಬೇಕು ಅಂದಿದ್ದೀರಿ. ಡ್ರಿಲ್ ಕೈಗೆ ತಗೊಳ್ಳುವ ಮೊದಲು ಒಮ್ಮೆ ಗಾಡಿ ಕೆಳಗೆ ಮಲಗಿ ನೋಡಿ. ಎಷ್ಟೋ ಗಾಡಿಗಳಲ್ಲಿ ಡೀಸೆಲ್ ಟ್ಯಾಂಕ್ ಇರುವುದೇ ಹಿಂದಿನ ಸೀಟಿನ ಕೆಳಗೆ. ಬ್ರೇಕ್ ಪೈಪು, ವೈರು ಎಲ್ಲ ಅಲ್ಲೇ ಹಾದುಹೋಗಿರುತ್ತವೆ. ಸೀಟಿನ ಬೋಲ್ಟ್ ಕೂರುವ ಜಾಗಕ್ಕೆ ಕಂಪನಿಯವರೇ ದಪ್ಪ ತಗಡು ಕೊಟ್ಟು ನಟ್ ವೆಲ್ಡ್ ಮಾಡಿರುತ್ತಾರೆ. ಅಷ್ಟು ಗಟ್ಟಿ ಜಾಗ ಬಿಟ್ಟು ಪಕ್ಕದಲ್ಲಿ ಸುಮ್ನೆ ತೂತು ಯಾಕೆ ಕೊರೆಯಬೇಕು, ಅಲ್ವಾ?

ಸೀಟಿನ ಕೆಳಗೆ ಹಳದಿ ಕನೆಕ್ಟರ್ ಕಂಡರೆ ಅದು ಸಾಮಾನ್ಯವಾಗಿ ಏರ್‌ಬ್ಯಾಗ್ ವ್ಯವಸ್ಥೆಯದ್ದು. ಬ್ಯಾಟರಿಯ ಮೈನಸ್ ತೆಗೆದು, ಮ್ಯಾನುಯಲ್‌ನಲ್ಲಿ ಹೇಳಿದಷ್ಟು ಹೊತ್ತು ಕಾದು ಆಮೇಲೆ ಮುಟ್ಟಿ.

ಜಾಸ್ತಿ ಜನ ಕೆಲಸ ಕೆಡಿಸಿಕೊಳ್ಳುವುದು ಬೋಲ್ಟ್ ಬಿಚ್ಚುವಾಗ. ಬೋಲ್ಟಿನ ತುದಿ ಫ್ಲೋರಿನ ಕೆಳಗೆ ಹೊರಗೆ ಬಂದಿದ್ದರೆ ಅದಕ್ಕೆ ಕೆಸರು, ತುಕ್ಕು ಮೆತ್ತಿರುತ್ತದೆ. ಮೇಲಿನಿಂದ ಒಂದೇ ಸಮನೆ ತಿರುಗಿಸಿದರೆ ಆ ಕೊಳೆಯೆಲ್ಲ ನಟ್ಟಿನೊಳಗೆ ಸಿಕ್ಕಿಕೊಳ್ಳುತ್ತದೆ. ವೆಲ್ಡ್ ಬಿಟ್ಟು ನಟ್ಟೂ ಜೊತೆಗೇ ಸುತ್ತಲು ಶುರುವಾದರೆ ಮುಗೀತು. ಹಿಂದಿನ ರಾತ್ರಿಯೇ ಕೆಳಗಿನಿಂದ ವೈರ್ ಬ್ರಷ್‌ನಲ್ಲಿ ಉಜ್ಜಿ, ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡಿ. ಬಿಚ್ಚುವಾಗ ಅರ್ಧ ಸುತ್ತು ಸಡಿಲಿಸಿ, ಕಾಲು ಸುತ್ತು ವಾಪಸ್ ಬಿಗಿ ಮಾಡಿ, ಹೀಗೇ ಮುಂದುವರಿಸಿ. ಹೊಡೆತ ಕೊಟ್ಟು ಬೋಲ್ಟ್ ತಿರುಗಿಸುವ ಇಂಪ್ಯಾಕ್ಟ್ ಗನ್ ದೂರ ಇರಲಿ.

ಈಗ ಬೋಲ್ಟ್. ಹಲಗೆ, ಬ್ರಾಕೆಟ್ ಸೇರಿದರೆ ಹಳೆಯದರ ಉದ್ದ ಸಾಲದೇ ಹೋಗಬಹುದು. ಹೊಸದು ತಂದರೆ ತಲೆಯ ಮೇಲೆ ಹಳೆಯದರಲ್ಲಿದ್ದ 8.8 ಅಥವಾ 10.9 ಗುರುತೇ ಇರಬೇಕು, ಅದು ಬೋಲ್ಟಿನ ಗಟ್ಟಿತನ ಹೇಳುತ್ತದೆ. 10 ಎಂಎಂ ಬೋಲ್ಟಿನಲ್ಲೂ 1.25, 1.5 ಎಂಎಂ ಅಂತರದ ಬೇರೆ ಬೇರೆ ಥ್ರೆಡ್ (ಸುರುಳಿ ಗೆರೆ) ಇವೆ, ಕಣ್ಣಿಗೆ ಒಂದೇ ಥರ ಕಾಣುತ್ತವೆ. ಮೊದಲ ಮೂರು ಸುತ್ತು ಬೆರಳಲ್ಲೇ ಹೋಗಬೇಕು. ಹೋಗದಿದ್ದರೆ ಪಾನಾ ಹಾಕಬೇಡಿ. ಸೀಟ್ ಬೆಲ್ಟ್ ಬೋಲ್ಟುಗಳು ಎಷ್ಟೋ ಗಾಡಿಗಳಲ್ಲಿ 7/16 ಇಂಚಿನವು, ಮೆಟ್ರಿಕ್ (ಎಂಎಂ ಅಳತೆಯ) ಬೋಲ್ಟ್ ಅಲ್ಲಿ ಸೇರಲ್ಲ. ಯಾರಾದರೂ ಬಳಸುವ ಬೆಲ್ಟಿನ ಬೋಲ್ಟನ್ನಂತೂ ಮುಟ್ಟಲೇಬೇಡಿ.

ಪ್ಲೈವುಡ್ಡನ್ನು ನೇರವಾಗಿ ಬೋಲ್ಟ್ ಮಾಡಿದರೆ ಮರ ಅಮುಕಿಕೊಂಡು, ಗಾಡಿ ಕುಲುಕಿದ ಹಾಗೆಲ್ಲ ಸಡಿಲವಾಗುತ್ತದೆ. ಬೋಲ್ಟ್ ಉಕ್ಕಿನ ಪಟ್ಟಿಯನ್ನು ಹಿಡಿಯಲಿ, ಪಟ್ಟಿ ಹಲಗೆಯನ್ನು ಹಿಡಿಯಲಿ. ಸೀಟು ಮಡಚುವ ಕೀಲಿನ (ಹಿಂಜ್) ಬ್ರಾಕೆಟ್ ಬಿಚ್ಚಲು ಬಂದರೆ ಅದನ್ನೇ ಪಟ್ಟಿಗೆ ಜೋಡಿಸಿ. ಅದರ ತೂತು ಫ್ಲೋರಿಗೆ ಸರಿಯಾಗಿ ಕೂರುತ್ತದೆ, ಅಳತೆ ತೆಗೆಯುವ ತಲೆನೋವೇ ಇಲ್ಲ.

ಇನ್ನೊಂದು ವಿಷಯ. ಸಾಮಾನು ಮುಂದಕ್ಕೆ ನುಗ್ಗದಂತೆ ಇಷ್ಟು ದಿನ ತಡೆಯುತ್ತಿದ್ದದ್ದು ಸೀಟಿನ ಬೆನ್ನು. ಜೋರು ಡಿಕ್ಕಿಯಲ್ಲಿ 20 ಪಟ್ಟು ಬಲ ಬಿತ್ತು ಅಂದುಕೊಳ್ಳಿ, 30 ಕಿಲೋ ಫ್ರಿಜ್ 600 ಕಿಲೋ ಭಾರದ ಹಾಗೆ ಎಳೆಯುತ್ತದೆ. ಹಾಗಾಗಿ ಮುಂದಿನ ಸೀಟಿನ ಹಿಂದೆ ಗಟ್ಟಿ ಜಾಲರಿ ಹಾಕಿಸಿ. ಫ್ರಿಜ್ ಕಟ್ಟುವ ಬೆಲ್ಟನ್ನು ಹಲಗೆಗೆ ಮಾತ್ರ ಕಟ್ಟಬೇಡಿ, ಕೆಳಗಿನ ಉಕ್ಕಿಗೆ ಕಟ್ಟಿ.

ಉಳಿದ ಖಾಲಿ ತೂತಿಗೆ ರಬ್ಬರ್ ಬಿರಡೆ ಹಾಕಿ. ಇಲ್ಲದಿದ್ದರೆ ಧೂಳು, ನೀರಿನ ಜೊತೆ ಸೈಲೆನ್ಸರ್ ಹೊಗೆಯೂ ಒಳಗೆ ಬರುತ್ತದೆ. ಸೀಟಿನ ಸಂಖ್ಯೆ ಗಾಡಿ ದಾಖಲೆಯಲ್ಲಿ ಇರುವುದರಿಂದ, ನೋಂದಣಿ ಕಚೇರಿ ಮತ್ತು ಇನ್ಶೂರೆನ್ಸ್‌ನವರನ್ನು ಮೊದಲೇ ಕೇಳಿಕೊಳ್ಳಿ.